ಮಗುವಿನ ಹೆಸರಿಗೆ ಅರ್ಥವೇ ಪ್ರಧಾನ

ನಮ್ಮ ಮಲೆನಾಡಿನ ಮನೆಗಳಲ್ಲಿ ಶಿಶು ಜನಿಸಿದೊಡನೆ, ಬಾಣಂತಿಯ ಆರೈಕೆಯ ಸಡಗರ ಇನ್ನೂ ತಗ್ಗದಿರುವಾಗಲೇ, ಪಂಚಾಂಗವನ್ನು ತೆರೆದು ಜನ್ಮನಕ್ಷತ್ರವನ್ನೂ ಅದರ ಪಾದವನ್ನೂ ಗೊತ್ತುಮಾಡಿ, ಆ ಪಾದಕ್ಕೆ ವಿಹಿತವಾದ ಅಕ್ಷರದಿಂದ ಆರಂಭವಾಗುವ ಹೆಸರನ್ನು ಅರಸುವ ಪದ್ಧತಿಯುಂಟು. 27 ನಕ್ಷತ್ರಗಳಿಗೆ ನಾಲ್ಕು ನಾಲ್ಕರಂತೆ 108 ಪಾದಗಳು; ಅಶ್ವಿನಿಗೆ ಚು, ಚೆ, ಚೋ, ಲ; ರೋಹಿಣಿಗೆ ಓ, ವ, ವಿ, ವು. ಹಿರಿಯರಿಂದ ಬಂದ ಈ ಕ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೊದಲಕ್ಷರವು ಕೂಡಿಬಂದರೆ ಸಾಕು, ಹೆಸರಿನ ಅರ್ಥ ಏನಾದರೂ ಆಗಲಿ ಎಂಬ ಈಚಿನ ಉದಾಸೀನವನ್ನು ಕುರಿತು ಮಾತ್ರ ನನಗೆ ವ್ಯಥೆಯಿದೆ.

ಚೀನಾ ದೇಶದಲ್ಲಿಯೂ ಇಂಥದೇ ಒಂದು ಆಚಾರವುಂಟು. ಜನನದ ವರ್ಷ, ಮಾಸ, ದಿನ, ಹೊತ್ತುಗಳಿಗೆ ಎರಡೆರಡರಂತೆ ಎಂಟು ಲಿಪಿಗಳನ್ನು ಬರೆದು, ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಲ್ಲಿ ಯಾವುದು ಶಿಶುವಿಗೆ ಕೊರತೆಯಾಗಿದೆಯೆಂದು ನೋಡಿ, ಆ ತತ್ತ್ವವನ್ನು ಸೂಚಿಸುವ ಲಿಪಿಯನ್ನು ಹೆಸರಿನಲ್ಲಿ ಸೇರಿಸುತ್ತಾರೆ. ಲು ಷುನ್ ಎಂಬ ಮಹಾಲೇಖಕನು 1921ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ, ಅಧಿಕಮಾಸದಲ್ಲಿ ಹುಟ್ಟಿ ಮಣ್ಣಿನ ತತ್ತ್ವವಿಲ್ಲದ ಬಾಲಕನಿಗೆ ತಂದೆಯು ಆ ಎರಡನ್ನೂ ಕೂಡಿಸಿ ರುಂತು ಎಂದು ಹೆಸರಿಡುತ್ತಾನೆ. ಅಲ್ಲಿ ಜಾತಕದ ಪರಿಹಾರವೇ ಅರ್ಥದ ಮೂಲಕ ನಡೆಯುವುದರಿಂದ ಅರ್ಥವನ್ನು ಕಡೆಗಣಿಸುವುದು ಸಾಧ್ಯವಿಲ್ಲ. ನಮ್ಮಲ್ಲಾದರೋ ಪಂಚಾಂಗವು ಆರಂಭದ ಧ್ವನಿಯನ್ನಷ್ಟೇ ಕೊಡುತ್ತದೆ. ಅರ್ಥದ ಹೊಣೆಯೆಲ್ಲ ತಾಯಿತಂದೆಯರದು.

ಆರ್ದ್ರೆಯ ಒಂದು ಪಾದಕ್ಕೆ ಙ, ಉತ್ತರಾಭಾದ್ರೆಯ ಒಂದು ಪಾದಕ್ಕೆ ಞ ವಿಹಿತವಾಗಿದ್ದು, ಅವುಗಳಿಂದ ಮೊದಲಾಗುವ ಹೆಸರು ಕನ್ನಡದಲ್ಲಿ ದೊರೆಯದಿರುವುದರಿಂದ ಪುರೋಹಿತರೇ ಬೇರೆ ಅಕ್ಷರವನ್ನು ಸೂಚಿಸುವುದುಂಟು. ನಕ್ಷತ್ರನಾಮವೇ ಬೇರೆ, ವ್ಯವಹಾರನಾಮವೇ ಬೇರೆ ಎಂಬ ವಿವೇಕವು ನಮ್ಮ ಸಂಪ್ರದಾಯದಲ್ಲಿಯೇ ಇದೆ. ಹೆಣ್ಣುಮಕ್ಕಳ ಹೆಸರು ಉಚ್ಚರಿಸಲು ಸುಲಭವಾಗಿ, ಸ್ಪಷ್ಟಾರ್ಥವುಳ್ಳದ್ದಾಗಿ, ಮನೋಹರವಾಗಿರಬೇಕೆಂದು ಮನುಸ್ಮೃತಿಯೂ ವಿಧಿಸುತ್ತದೆ. ಈ ವಿಧಿಯು ಗಂಡುಮಕ್ಕಳಿಗೂ ಸಲ್ಲತಕ್ಕದ್ದು.

ಈ ಬೆಟ್ಟಸಾಲಿನ ಹಳೆಯ ಹೆಸರುಗಳನ್ನು ನೋಡಿರಿ. ಮೂಡಿಗೆರೆ ಸೀಮೆಯ ಜಾವಳಿಯ ಬಳಿ ಹುಟ್ಟುವ ಹೇಮಾವತಿ, ಕಳಸವನ್ನು ಬಳಸಿ ಹರಿಯುವ ಭದ್ರೆ, ಹೊರನಾಡಿನ ಅನ್ನಪೂರ್ಣೆ, ಶೃಂಗೇರಿಯ ಶಾರದೆ, ದೀಪಾವಳಿಯಲ್ಲಿ ಜನರು ಬೆಟ್ಟವೇರಿ ದರ್ಶನ ಪಡೆಯುವ ಬಿಂಡಿಗದ ದೇವೀರಮ್ಮ, ಇವರೆಲ್ಲರೂ ಮನೆಮನೆಯ ಹೆಣ್ಣುಮಕ್ಕಳಲ್ಲಿ ನೆಲೆಸಿದ್ದರು. ಮಲೇರಿಯವು ಮಲೆನಾಡನ್ನು ಕಾಡುತ್ತಿದ್ದ ಕಾಲದಲ್ಲಿ, ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ, ಮೃತ್ಯುವಿನ ಕಣ್ಣು ಬೀಳದಿರಲೆಂದು ಇಟ್ಟ ತಿಪ್ಪ, ಗುಂಡ, ಕಲ್ಲ ಎಂಬ ಹೆಸರುಗಳಲ್ಲಿಯೂ ತಾಯಿಯ ಪ್ರಾರ್ಥನೆಯೇ ಅಡಗಿತ್ತು. ಹೊಸ ಹೆಸರುಗಳನ್ನು ನಾನು ವಿರೋಧಿಸುವುದಿಲ್ಲ. ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟು, ಹೊಸತನಕ್ಕೂ ಅರ್ಥಗೌರವಕ್ಕೂ ವಿರೋಧವಿಲ್ಲವೆಂಬುದನ್ನು ತೋರಿದರು. ಆ ತೇಜಸ್ವಿಯವರೇ ಮುಂದೆ ಮೂಡಿಗೆರೆಯ ಕಾಫಿತೋಟದಲ್ಲಿ ನೆಲೆಸಿ ಈ ಸೀಮೆಯ ಹೆಸರನ್ನು ಬೆಳಗಿಸಿದರು.

ಇಂದಾದರೋ ಮೊಬೈಲಿನ ಪಟ್ಟಿಯಲ್ಲಿ ಕಂಡ ಹೆಸರನ್ನು, ಅಲ್ಲಿ ಕೊಟ್ಟ ಅರ್ಥವನ್ನು ಪರಾಂಬರಿಸದೆಯೇ ಒಪ್ಪಿಕೊಳ್ಳುತ್ತಾರೆ. ಸಂಖ್ಯಾಶಾಸ್ತ್ರದ ಮಾತನ್ನು ನಂಬಿ ಇಂಗ್ಲಿಷಿನಲ್ಲಿ ಹೆಚ್ಚುವರಿ ಅಕ್ಷರಗಳನ್ನು ತುರುಕುತ್ತಾರೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾಪ್ರವೇಶ ಮೊದಲಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನ, ಜನ್ಮಸ್ಥಳಗಳಿಗೆ ಆಧಾರವಾಗಿರುವುದರಿಂದ, ಹೆಸರಿನ ಬರಹವು ಅದರಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯಾದರೆ ಕಷ್ಟಪಡುವುದು ಮಗುವೇ.

ಆತುರಕ್ಕೆ ಕಾರಣವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಆದುದರಿಂದ ತಾಯಿತಂದೆಯರಲ್ಲಿ ನನ್ನ ವಿನಂತಿಯಿಷ್ಟೆ: ನಕ್ಷತ್ರದ ಅಕ್ಷರವನ್ನು ಬೇಕಾದರೆ ಜಾತಕದಲ್ಲಿ ಉಳಿಸಿಕೊಳ್ಳಿರಿ, ಮನೆಯ ಅಜ್ಜ ಅಜ್ಜಿಯರನ್ನು ಕೇಳಿರಿ, ಆರಿಸಿದ ಹೆಸರನ್ನು ಒಮ್ಮೆ ಕನ್ನಡ ನಿಘಂಟಿನಲ್ಲಿ ನೋಡಿರಿ, ಬೆಳೆದ ಮಗುವು ತನ್ನ ಹೆಸರಿನ ಅರ್ಥವೇನೆಂದು ಕೇಳಿದಾಗ ಸಂಕೋಚವಿಲ್ಲದೆ ಹೇಳಬಹುದಾದ ಹೆಸರನ್ನೇ ಇಡಿರಿ.