ಹಿಡಿದುಕೊಂಡ ಹೆಗಲು

ನಲವತ್ತೈದು ದಾಟಿದ ಗೃಹಿಣಿಯೊಬ್ಬರು ಅಟ್ಟದ ಮೇಲಿನ ಉಪ್ಪಿನಕಾಯಿಯ ಭರಣಿಯನ್ನು ಇಳಿಸಲಾರದೆ ಮಗನನ್ನು ಕೂಗಿ ಕರೆಯತೊಡಗಿದರೆ, ಅಥವಾ ಐವತ್ತರ ಗುಮಾಸ್ತರೊಬ್ಬರು ಅಂಗಿಯ ತೋಳಿನೊಳಗೆ ಕೈ ತೂರಿಸುವಾಗ ಮುಖ ಕಿವುಚಿದರೆ, ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದೇ ವಾಡಿಕೆ. ವಾಯುವೆನ್ನುವವರು ಕೆಲವರು, ಮಲಗಿದ ಭಂಗಿ ಸರಿಯಿಲ್ಲವೆನ್ನುವವರು ಕೆಲವರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬರುತ್ತದೆ, ಪಕ್ಕದ ಮನೆಯವರ ಮುಲಾಮು ಬರುತ್ತದೆ. ಕಟ್ಟಕಡೆಗೆ ವೈದ್ಯರಲ್ಲಿಗೆ ಹೋದಾಗ ಅವರು ಭುಜವನ್ನು ಪರೀಕ್ಷಿಸಿ, ಚೀಟಿಯಲ್ಲಿ 'ಫ್ರೋಜನ್ ಶೋಲ್ಡರ್' ಎಂದು ಬರೆದು, "ಫಿಸಿಯೋಥೆರಪಿಗೆ ಹೋಗಿ" ಎನ್ನುತ್ತಾರೆ. ಅಲ್ಲಿ ನಡೆಯುವುದೇನೆಂಬುದನ್ನು ಮಾತ್ರ ಯಾರೂ ಹೇಳಿ ಕಳುಹಿಸುವುದಿಲ್ಲ. ಮೂರು ಸಲ ಹೋಗಿ, "ದುಡ್ಡು ದಂಡ" ಎಂದು ಬಿಟ್ಟುಬಿಡುವವರು ನಮ್ಮ ನಡುವೆ ಇರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ರೋಗದ ಸ್ವರೂಪವನ್ನು ಮೊದಲು ತಿಳಿಯುವುದು ಒಳ್ಳೆಯದು. ಭುಜದ ಕೀಲನ್ನು ತೆಳ್ಳನೆಯ ಚೀಲದಂಥ ಪೊರೆಯೊಂದು ಸುತ್ತುವರಿದಿದೆ. ಅದು ಉರಿಯೂತಕ್ಕೆ ಈಡಾಗಿ, ದಪ್ಪವೇರಿ, ಕುಗ್ಗಿದಾಗ ತೋಳು ಯಾವ ದಿಕ್ಕಿಗೂ ಪೂರ್ತಿಯಾಗಿ ಹೊರಳದು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲಿಯೂ ಮಧುಮೇಹಿಗಳಲ್ಲಿ, ಇದು ಹೆಚ್ಚು. ಮೊದಲು ನೋವಿನ ಕಾಲ, ಆಮೇಲೆ ಬಿಗಿತದ ಕಾಲ, ಕೊನೆಗೆ ಬಿಗಿ ಸಡಿಲಗೊಳ್ಳುವ ಕಾಲ. ಎಲ್ಲವೂ ಸೇರಿ ಒಂದು ವರ್ಷದಿಂದ ಮೂರು ವರ್ಷದವರೆಗೆ ಎಳೆಯಬಹುದು. ಇಂಥದು ಮೂರು ದಿನದಲ್ಲಿ ಬಿಡಲಿಲ್ಲವೆಂದು ಮುನಿಯುವುದರಲ್ಲಿ ಅರ್ಥವಿಲ್ಲ.

ನನ್ನ ಅತ್ತಿಗೆಯವರು ಐದು ತಿಂಗಳು ಈ ನೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದವರು. ಸಕ್ಕರೆಯ ಕಾಯಿಲೆ ಮೊದಲೇ ಇತ್ತು. ತುರುಬು ಕಟ್ಟಿಕೊಳ್ಳಲು ದಿನವೂ ಮಗಳನ್ನು ಕರೆಯುತ್ತಿದ್ದರೇ ಹೊರತು ಕಾರಣವನ್ನು ಹೇಳಲಿಲ್ಲ. ಪರಪುರುಷನೊಬ್ಬನು ಹೆಗಲು ಮುಟ್ಟಿಯಾನೆಂಬ ಸಂಕೋಚವೇ ಅವರನ್ನು ಅಷ್ಟು ದಿನ ತಡೆದದ್ದೆಂದು ಅನಂತರ ತಿಳಿಯಿತು. ಸ್ತ್ರೀಯರು ಈ ವಿಷಯದಲ್ಲಿ ನಾಚಬೇಕಾದುದಿಲ್ಲ. ಮಹಿಳಾ ಚಿಕಿತ್ಸಕರು ಬೇಕೆಂದು ಕೇಳಬಹುದು, ಮನೆಯವರೊಬ್ಬರು ಜೊತೆಯಲ್ಲಿರಲೆಂದು ಹೇಳಬಹುದು, ಪರದೆ ಎಳೆಯಿರೆನ್ನಬಹುದು. ಭುಜವನ್ನು ನೋಡದೆ ಪರೀಕ್ಷೆ ಸಾಧ್ಯವಿಲ್ಲವಾದುದರಿಂದ ಸಡಿಲವಾದ ತೋಳಿನ ಉಡುಪನ್ನು ಧರಿಸಿ ಹೋದರೆ ಸಾಕು.

ಮೊದಲ ದಿನ ಮಾತೇ ಹೆಚ್ಚು. ನೋವು ಎಂದು ಮೊದಲಾಯಿತು, ರಾತ್ರಿ ನಿದ್ರೆ ಕೆಡುವುದೆ, ಬಿದ್ದ ನೆನಪಿದೆಯೆ, ಯಾವ ಔಷಧಿಗಳನ್ನು ಸೇವಿಸುತ್ತೀರಿ, ನೋವಿಗೆ 0ಯಿಂದ 10ರ ಒಳಗೆ ಎಷ್ಟು ಅಂಕ ಕೊಡುತ್ತೀರಿ? ವೈದ್ಯರ ಚೀಟಿ, ಕ್ಷಕಿರಣದ ಚಿತ್ರ, ರಕ್ತಪರೀಕ್ಷೆಯ ವರದಿ ಇವನ್ನು ಕೊಂಡೊಯ್ದರೆ ಅರ್ಧ ಕೆಲಸ ಹಗುರ. ಆಮೇಲೆ ಅಳತೆ. ಶಾಲೆಯ ಬಾಲಕರ ಪೆಟ್ಟಿಗೆಯಲ್ಲಿರುವ ಕೋನಮಾಪಕಕ್ಕೆ ಎರಡು ಉದ್ದನೆಯ ಪಟ್ಟಿಗಳನ್ನು ಜೋಡಿಸಿದಂಥ ಸಾಧನವೊಂದನ್ನು ಭುಜಕ್ಕೆ ಹಿಡಿದು ತೋಳು ಎಷ್ಟು ಏರುತ್ತದೆಂದು ನೋಡುತ್ತಾರೆ. ಆರೋಗ್ಯವಂತರ ತೋಳು ಪಕ್ಕದಿಂದ ಮೇಲಕ್ಕೆ ಸುಮಾರು 180 ಡಿಗ್ರಿ ಹೋಗುತ್ತದೆ. ಅತ್ತಿಗೆಯವರದು 80ಕ್ಕೆ ನಿಂತಿತು. ಅನಂತರ ಚಿಕಿತ್ಸಕಿಯೇ ಆ ತೋಳನ್ನು ಹಿಡಿದು ಮೆಲ್ಲನೆ ಎತ್ತಿ ನೋಡಿದರು. ಇದರಲ್ಲೊಂದು ಸೂಕ್ಷ್ಮವಿದೆ. ತಾನಾಗಿ ಏರದ ತೋಳು ಇನ್ನೊಬ್ಬರು ಎತ್ತಿದಾಗ ಸರಾಗವಾಗಿ ಏರಿದರೆ ದೋಷವು ಸ್ನಾಯುವಿನಲ್ಲಿಯೋ ಅದರ ಕಂಡರದಲ್ಲಿಯೋ ಇರುವ ಸಂಭವ ಹೆಚ್ಚು. ಇನ್ನೊಬ್ಬರು ಎತ್ತಿದಾಗಲೂ ಅಲ್ಲಿಯೇ ನಿಂತರೆ ಕೀಲು ಬಿಗಿದಿದೆಯೆಂದು ಊಹೆ.

"ನಿಮಗೆ ಏನು ಮಾಡಲು ಆಗಬೇಕು, ಅಮ್ಮಾ?" ಎಂದು ಆ ಹುಡುಗಿ ಕೇಳಿದಳು. ಅತ್ತಿಗೆ, "ನನ್ನ ತುರುಬು ನಾನು ಕಟ್ಟಿಕೊಳ್ಳಬೇಕು" ಎಂದರು. ಅವಳು ಅದನ್ನೇ ಗುರಿಯೆಂದು ಕಾಗದದಲ್ಲಿ ಬರೆದುಕೊಂಡಳು. ಪದವಿ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ಇಷ್ಟು ನೇರವಾದ ವಾಕ್ಯವನ್ನು ನಾನು ಕಂಡಿಲ್ಲ.

ಬಿಸಿಶಾಖ, ಕರಗಿದ ಮೇಣದ ಲೇಪ, ಅಲ್ಟ್ರಾಸೌಂಡ್, ಚುಮುಗುಟ್ಟುವ ವಿದ್ಯುತ್ತು ಮೊದಲಾದ ಉಪಕರಣಗಳನ್ನು ಕಂಡು ನಮ್ಮ ಜನ ಅದೇ ಚಿಕಿತ್ಸೆಯೆಂದು ಭಾವಿಸುತ್ತಾರೆ. ಅವು ನೋವನ್ನು ಒಂದಿಷ್ಟು ತಗ್ಗಿಸಿ ಕೀಲನ್ನು ಚಲನೆಗೆ ಅಣಿಗೊಳಿಸುವ ಪರಿಚಾರಕರು ಮಾತ್ರ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ, ಗರ್ಭಿಣಿಯಾಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಚರ್ಮದಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಉಪಕರಣ ಮೈಗೆ ತಾಗುವ ಮೊದಲೇ ಹೇಳತಕ್ಕದ್ದು. ಮಧುಮೇಹಿಗಳು ಇದನ್ನು ಮರೆಯಲೇಬಾರದು; ಬಿಸಿ ತಿಳಿಯದೆ ಚರ್ಮ ಸುಟ್ಟೀತು.

ನಿಜವಾದ ಚಿಕಿತ್ಸೆಯೆಂದರೆ ವ್ಯಾಯಾಮ. ಅದರ ಬಹುಭಾಗ ನಡೆಯುವುದು ಮನೆಯಲ್ಲಿ. ಅರ್ಧ ಗಂಟೆಯ ಭೇಟಿ ಪಾಠವಾದರೆ ಮನೆಯದು ಅಭ್ಯಾಸ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಬಾಗಿ, ನೋಯುವ ತೋಳನ್ನು ಗಡಿಯಾರದ ಲೋಲಕದಂತೆ ತೂಗುವುದು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಳ್ಳೆಯ ಕೈಯ ಬಲದಿಂದ ಇನ್ನೊಂದನ್ನು ಹೊರಕ್ಕೆ ತಳ್ಳುವುದು. ನೋಡಲು ಮಕ್ಕಳಾಟ. ಅತ್ತಿಗೆ ಬೆರಳು ತಲುಪಿದಲ್ಲೆಲ್ಲ ಅಡುಗೆಮನೆಯ ಗೋಡೆಗೆ ಸೀಸದ ಕಡ್ಡಿಯಿಂದ ಗೆರೆಯೆಳೆದು ತಾರೀಖು ಬರೆದರು. ಗೋಡೆಯ ಮೇಲೆ ಗೀಚಿದ್ದಕ್ಕಾಗಿ ಹಿಂದೆ ಬೈಸಿಕೊಂಡಿದ್ದ ಮಕ್ಕಳು ಇದನ್ನು ಘೋರ ಅನ್ಯಾಯವೆಂದು ಸಾರಿದರು. ಮೊದಲ ಎರಡು ವಾರ ಗೆರೆಗಳು ಒಂದರ ಮೇಲೊಂದು ಬಿದ್ದುವು. ನಾವೆಲ್ಲ ಸೋತೆವೆಂದೇ ತಿಳಿದಿದ್ದೆವು. ಆರನೆಯ ವಾರ ಅಳೆದಾಗ 110 ಡಿಗ್ರಿ ಬಂತು. ತುರುಬಿಗೆ ಅದು ಇನ್ನೂ ಸಾಲದು.

ನೋವಿನ ವಿಚಾರ. ವ್ಯಾಯಾಮದಲ್ಲಿ ಎಳೆತವೂ ಸ್ವಲ್ಪ ನೋವೂ ಇರುವುದು ಸಹಜ. ಆದರೆ ಅದು ಬೇಗನೆ ಇಳಿಯಬೇಕು. ಆ ರಾತ್ರಿಯ ನಿದ್ರೆಯೇ ಕೆಟ್ಟರೆ ಮುಂದಿನ ಭೇಟಿಯಲ್ಲಿ ತಪ್ಪದೆ ತಿಳಿಸಬೇಕು, ಅವರು ಪ್ರಮಾಣವನ್ನು ಇಳಿಸುತ್ತಾರೆ. ನೋವಿನ ಕಾಲದಲ್ಲಿ ತೋಳನ್ನು ಬಲಾತ್ಕಾರವಾಗಿ ಜಗ್ಗುವವರಿಂದ ದೂರವಿರಬೇಕು. ವ್ಯಾಯಾಮಕ್ಕೇ ಬಗ್ಗದಷ್ಟು ನೋವಿದ್ದರೆ ವೈದ್ಯರು ಕೀಲಿಗೆ ಚುಚ್ಚುಮದ್ದು ಕೊಟ್ಟು ಹಾದಿ ಸುಗಮ ಮಾಡುವುದುಂಟು. ಎದೆನೋವಿನೊಡನೆ ತೋಳು ನೊಂದರೆ ಮಾತ್ರ ಈ ಬಾಗಿಲಿಗೆ ಬರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

"ಓದಿದ ಮಾಲೀಸಿನವರಲ್ಲವೆ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಸಂಘ ಕಟ್ಟಿದಾಗ ಅದರ ಹೆಸರಿನಲ್ಲಿ ಮಾಲೀಸೇ ಇತ್ತು, ನಿಜ. ನಮ್ಮಲ್ಲಿ ಪೋಲಿಯೋ ಹಾವಳಿಯ ದಿನಗಳಲ್ಲಿ, 1952ರಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆಯಿತು. ಈಗ ಇದು ನಾಲ್ಕು ವರ್ಷಕ್ಕೂ ಮಿಕ್ಕಿದ ಪದವಿ ವ್ಯಾಸಂಗ. 2021ರ ಕೇಂದ್ರ ಕಾನೂನು ಈ ವೃತ್ತಿಯನ್ನೂ ಒಳಗೊಂಡಿದೆ. ಆದುದರಿಂದ ಚಿಕಿತ್ಸಕರ ಪದವಿಯೇನೆಂದು ಕೇಳುವುದು ಅಧಿಕಪ್ರಸಂಗವಲ್ಲ. ಎಷ್ಟು ಭೇಟಿಗಳಾಗಬಹುದು, ಒಂದಕ್ಕೆ ಎಷ್ಟು ಹಣ, ತಿಂಗಳೊಳಗೆ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಮೊದಲ ದಿನವೇ ಕೇಳಿಕೊಳ್ಳಬೇಕು. ಅಳೆಯದೆ, ಮನೆಗೆ ಪಾಠ ಕೊಡದೆ, ದಿನವೂ ಯಂತ್ರ ಹಚ್ಚಿ ಹಣ ಪಡೆದು ಕಳುಹಿಸುವ ಕಡೆ ಹೆಚ್ಚು ದಿನ ಹೋಗಬೇಕಾಗಿಲ್ಲ.

ಅಭ್ಯಾಸ ಕೈಗೂಡಿದಂತೆ ಭೇಟಿಗಳು ವಿರಳವಾಗುತ್ತವೆ. ವಾರಕ್ಕೆರಡಿದ್ದದ್ದು ಒಂದಾಗಿ, ಹದಿನೈದು ದಿನಕ್ಕೊಂದಾಗುತ್ತದೆ. ಉಪೇಕ್ಷೆಯೆಂದು ಭಾವಿಸಬೇಡಿ, ಚಿಕಿತ್ಸೆ ನಡೆಯಬೇಕಾದದ್ದೇ ಹಾಗೆ. ಕೊನೆಯ ಭೇಟಿಯಲ್ಲಿ ಮುಂದೆ ಯಾವ ವ್ಯಾಯಾಮವನ್ನು ಎಷ್ಟು ಕಾಲ ಮಾಡಬೇಕೆಂದು ಬರೆಯಿಸಿಕೊಳ್ಳಿ. ಇನ್ನೊಂದು ಹೆಗಲಿಗೂ ಇದೇ ತೊಂದರೆ ಕೆಲವರಿಗೆ ಬರುವುದುಂಟಾದ್ದರಿಂದ, ಆ ಕಾಗದವನ್ನು ಪಡಿತರ ಚೀಟಿಯ ಜೊತೆಯಲ್ಲಿ ಇಡುವುದು ಮೇಲು.