ಮಗು ಅಳದ ಆ ಒಂದು ನಿಮಿಷ

ಚಿಕ್ಕರಸಿನಕೆರೆಯಲ್ಲಿ ಅಂಗಡಿ ಇಟ್ಟಿರುವ ನಮ್ಮೂರಿನ ಹುಡುಗನೊಬ್ಬ ಮೊನ್ನೆ ರಾತ್ರಿ ಫೋನ್ ಮಾಡಿದ. "ಕಾಕಾ, ಮಗು ಹುಟ್ಟಿದ ಕೂಡಲೇ ಅಳಲಿಲ್ಲ. ಮೆದುಳಿಗೆ ಆಮ್ಲಜನಕ ಸಾಲಲಿಲ್ಲ ಅಂತಾರೆ. ಬೆಂಗಳೂರಲ್ಲಿ ಮಗುವಿನ ಮೈ ತಣ್ಣಗೆ ಮಾಡುವ ಚಿಕಿತ್ಸೆ ಉಂಟಂತೆ. ಕರ್ಕೊಂಡು ಹೋಗುವುದಾ?"

ಅಂಥ ಚಿಕಿತ್ಸೆ ಉಂಟು. ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ, 72 ಗಂಟೆ ಮೈಯ ಬಿಸಿಯನ್ನು 33-34 ಡಿಗ್ರಿಗೆ ಇಳಿಸಿಡುವುದು. ಶ್ರೀಮಂತ ದೇಶಗಳಲ್ಲಿ ಇದರಿಂದ ಮಕ್ಕಳು ಉಳಿದದ್ದು ನಿಜ. ನಮ್ಮಲ್ಲಿ ಹಾಗಾಗಲಿಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 7 ಆಸ್ಪತ್ರೆಗಳಲ್ಲಿ 408 ಶಿಶುಗಳನ್ನು ಸೇರಿಸಿ ನಡೆಸಿದ 'ಹೆಲಿಕ್ಸ್' ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿತ್ತು. ತಣ್ಣಗಿಟ್ಟ ಶಿಶುಗಳಲ್ಲಿ ಶೇ. 42ರಷ್ಟು ತೀರಿಕೊಂಡವು, ತಣ್ಣಗಿಡದೆ ಆರೈಕೆ ಮಾಡಿದವುಗಳಲ್ಲಿ ಶೇ. 31. ಅಂದರೆ ದೊಡ್ಡ ಊರಿನ ದೊಡ್ಡ ಯಂತ್ರಕ್ಕಾಗಿ ಓಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವಂಥದ್ದಲ್ಲ. ಹತ್ತಿರದ ನವಜಾತ ಶಿಶು ಘಟಕದಲ್ಲಿ ಉಸಿರು, ಸಕ್ಕರೆ ಅಂಶ, ಅಪಸ್ಮಾರ ಸರಿಯಾಗಿ ನೋಡಿಕೊಂಡರೆ ಅದೇ ಮೊದಲ ಚಿಕಿತ್ಸೆ. ಬೇರೆ ಕಡೆಗೆ ಸಾಗಿಸಬೇಕೇ ಎಂದು ಅಲ್ಲಿನ ವೈದ್ಯರೇ ಹೇಳಬೇಕು, ಫೋನಿನಲ್ಲಿ ನಾನಲ್ಲ.

ಯಾಕೆ ಹೀಗೆ? ನಮ್ಮ ಅನೇಕ ಶಿಶುಗಳಲ್ಲಿ ಪೆಟ್ಟು ಹುಟ್ಟಿದ ಕ್ಷಣದಲ್ಲಿ ಬಿದ್ದದ್ದಲ್ಲ, ಹೆರಿಗೆ ನೋವಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಆದದ್ದು ಎಂಬ ಅನುಮಾನ ಸಂಶೋಧಕರದ್ದು. ಹಾಗಾದರೆ ನೋಡಬೇಕಾದ್ದು ಹೆರಿಗೆ ಕೋಣೆಯನ್ನೇ. ನೋವು ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ, ತಾಯಿ ಮುಕ್ಕುವ ಹೊತ್ತಿಗೆ 5 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ಇಲ್ಲಿ ಮನೆಯವರದ್ದೂ ಒಂದು ತಪ್ಪು ಉಂಟು. "ಬೇಗ ಆಗಲಿ ಸಿಸ್ಟರ್, ನೋವು ಬರುವ ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಬಾಗಿಲಲ್ಲಿ ನಿಂತು ಒತ್ತಾಯಿಸುವವರು ನಾವೇ. ಎದೆಬಡಿತ ನೋಡದೆ ಕೊಟ್ಟರೆ ನೋವಿನ ಮೇಲೆ ನೋವು ಬಂದು, ನಡುವೆ ಮಗುವಿಗೆ ರಕ್ತ ಸಿಗುವ ಬಿಡುವೇ ಇರುವುದಿಲ್ಲ.

ಇನ್ನು ಅಳದೆ, ಉಸಿರಾಡದೆ ಹುಟ್ಟಿದ ಮಗು. ಒರೆಸಿ, ಬೆನ್ನು ಸವರಿದರೂ ಉಸಿರಾಡದಿದ್ದರೆ ಒಂದೇ ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಇಟ್ಟು ಚೀಲ ಒತ್ತಿ ಗಾಳಿ ಕೊಡಬೇಕು. ದಿನ ತುಂಬಿದ ಮಗುವಿಗೆ ಮೊದಲಿಗೆ ಸಾಮಾನ್ಯ ಗಾಳಿಯೇ ಸಾಕು. ಈ ತರಬೇತಿಗಾಗಿಯೇ ಕೇಂದ್ರ ಸರಕಾರ 2009ರಲ್ಲಿ 'ನವಜಾತ ಶಿಶು ಸುರಕ್ಷಾ' ಕಾರ್ಯಕ್ರಮ ತಂದಿತು. ತರಬೇತಿ ಪಡೆದವರು ಆ ರಾತ್ರಿಯ ಪಾಳಿಯಲ್ಲಿ ಇದ್ದಾರಾ ಎಂಬುದೇ ಪ್ರಶ್ನೆ. ದಿನ ಹತ್ತಿರವಾಗುವ ಮೊದಲೇ ಹೋಗಿ ಇದನ್ನು ಕೇಳಿ. ಕೇಳಿದರೆ ಯಾರೂ ಕಚ್ಚುವುದಿಲ್ಲ. ಮನೆಯಲ್ಲೇ ಹೆರಿಗೆ ಮಾಡಿಸುವ ಮಾತಾಡುವವರಿಗೂ ಇದೇ ಪ್ರಶ್ನೆ: ಆ ಚೀಲ ಒತ್ತುವವರು ಯಾರು?

ಖರ್ಚಿನ ಭಯಕ್ಕೆ ಒಂದು ಮಾತು. ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಶಿಶುವಿನ ಚಿಕಿತ್ಸೆ, ಸಾಗಾಟ ಎರಡೂ ಉಚಿತ. ಮನೆಗೆ ಬಂದ ಮೇಲೂ ಮಗು ಕತ್ತು ನಿಲ್ಲಿಸುತ್ತದಾ, ಮುಖ ನೋಡಿ ನಗುತ್ತದಾ ಎಂದು ನೋಡುತ್ತಾ ಕರೆದ ದಿನ ಆಸ್ಪತ್ರೆಗೆ ಹೋಗಬೇಕು. ವ್ಯಾಯಾಮ ಚಿಕಿತ್ಸೆ ಬೇಗ ಶುರುವಾದಷ್ಟು ಒಳ್ಳೆಯದು.

ಹುಡುಗನ ಮಗು ಈಗ ಎದೆಹಾಲು ಚೀಪುತ್ತಿದೆಯಂತೆ. ಮುಂದಿನ ತಪಾಸಣೆಗೆ 6 ವಾರ ಬಿಟ್ಟು ಬರಲು ಹೇಳಿದ್ದಾರೆ.