ಆರು ಕಾಲಿನ ಯಂತ್ರವೂ ಬೀಗ ಹಾಕಿದ ಕಪಾಟೂ

ನಿವೃತ್ತನಾದ ಮೇಷ್ಟರನ್ನು ನಮ್ಮ ಕಡೆ ಜನ ಎರಡು ಕೆಲಸಕ್ಕೆ ತಪ್ಪದೆ ಕರೆಯುತ್ತಾರೆ. ಒಂದು, ಲಗ್ನಪತ್ರಿಕೆಯ ಕರಡು ತಿದ್ದುವುದಕ್ಕೆ. ಇನ್ನೊಂದು, ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗುವುದಕ್ಕೆ. ಮೊದಲನೆಯದರಲ್ಲಿ ನನ್ನಿಂದ ದೊಡ್ಡ ಪ್ರಮಾದವೇನೂ ಆಗಿಲ್ಲ. ಎರಡನೆಯದರಲ್ಲಿ ಆಗಿದೆ. ಅದನ್ನು ಒಪ್ಪಿಕೊಂಡೇ ಈ ಜಗಳದ ಲೇಖನವನ್ನು ಬರೆಯಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಅಂಥ ಪ್ರದರ್ಶನ ನಡೆಯಿತು. ಒಂದು ಶಾಲೆಯವರು ಆರು ಕಾಲಿನ ನಡೆಯುವ ರೋಬೋಟನ್ನು ತಂದಿದ್ದರು. ಕಾಲಿಗೆ ಮೂರರಂತೆ ಹದಿನೆಂಟು ಮೋಟಾರು, ಕಪ್ಪು ಬಣ್ಣದ ಹೊಳೆಯುವ ಮೈ. ಟೈ ಕಟ್ಟಿದ ಇಬ್ಬರು ಬಾಲಕರು ಮೊಬೈಲಿನ ಪರದೆಯನ್ನು ಒತ್ತಿದರೆ ಅದು ಮುಂದೆ ನಡೆಯುತ್ತಿತ್ತು, ತಿರುಗುತ್ತಿತ್ತು, ಕುಣಿಯುತ್ತಲೂ ಇತ್ತು. ನಾನು, “ಒಂದು ಸಲಕ್ಕೆ ಯಾವ ಯಾವ ಕಾಲು ಏಳುತ್ತದೆ, ಹೇಳ್ರಪ್ಪ” ಎಂದು ಕೇಳಿದೆ. ಹುಡುಗರು ಹಿಂದೆ ನಿಂತಿದ್ದ ಕಿಟ್ಟು ಮಾರುವವರ ಕಡೆಗೆ ನೋಡಿದರು.

ಅದೇ ಸಾಲಿನ ಕೊನೆಯ ಮೇಜಿನಲ್ಲಿ ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗನಿದ್ದ. ಮನೆಯಲ್ಲಿ ರೇಷ್ಮೆ ಬಿಚ್ಚಾಣಿಕೆಯ ಕೆಲಸ. ಅವನದೂ ಆರು ಕಾಲಿನ ಯಂತ್ರವೇ. ಆದರೆ ಮೋಟಾರು ಮೂರೇ. ಮುರಿದ ಚಂದ್ರಿಕೆಯ ಬಿದಿರು ಸೀಳು ಅದರ ಮೈ, ಸೈಕಲ್ ಕಡ್ಡಿ ಅದರ ಕಾಲು. ಓರೆಯಾಗಿ ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟಿತು. “ಕಾಲು ಯಾಕಪ್ಪ ಇಷ್ಟು ಗಿಡ್ಡ?” ಎಂದೆ. “ಮೊದ್ಲು ಉದ್ದ ಇತ್ತು ಸಾರ್. ಮೋಟ್ರು ಎತ್ತಲಿಲ್ಲ, ಬರೀ ಗುಯ್ ಅಂತಿತ್ತು. ಕತ್ತರಿಸ್ದೆ, ಎತ್ತಿತು” ಎಂದ.

ಓದುಗ ಮಿತ್ರರೇ, ಆ ಒಂದು ಮಾತಿನಲ್ಲಿ ಸನ್ನೆಯ ತತ್ವವೆಲ್ಲ ಇದೆ. ಒಂಬತ್ತು ಗ್ರಾಂ ತೂಕದ ಆ ನೀಲಿ ಸರ್ವೋ ಮೋಟಾರಿನ ಶಕ್ತಿ ಸುಮಾರು 1.8 ಕಿಲೋಗ್ರಾಂ-ಸೆಂಟಿಮೀಟರು. ಎಂದರೆ ಒಂದು ಸೆಂಟಿಮೀಟರಿನ ತೋಳಿನಲ್ಲಿ 1.8 ಕಿಲೋ ಎತ್ತುವುದು, ಒಂಬತ್ತು ಸೆಂಟಿಮೀಟರಿನ ತೋಳಿನಲ್ಲಿ ಇನ್ನೂರೇ ಗ್ರಾಂ. ಈ ಪಾಠವನ್ನು ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದವನು. ಆ ಹುಡುಗ ಅದನ್ನು ಕತ್ತರಿ ಹಿಡಿದು ಕಲಿತಿದ್ದ. ಆದರೂ ಪ್ರಥಮ ಬಹುಮಾನ ಕುಣಿದ ಯಂತ್ರಕ್ಕೇ ಹೋಯಿತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಅಂಕಪಟ್ಟಿಗೆ ರುಜು ಹಾಕಿದೆ. “ಹೋಗಲಿ ಬಿಡಿ, ನೋಡುವುದಕ್ಕೆ ಚೆನ್ನಾಗಿದೆಯಲ್ಲ” ಎಂದು ಪಕ್ಕದವರು ಹೇಳಿದಾಗ ಸುಮ್ಮನಿದ್ದೆ.

ಇದು ಒಂದು ಊರಿನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2016ರಲ್ಲಿ ನೀತಿ ಆಯೋಗವು ಅಟಲ್ ಇನ್ನೋವೇಷನ್ ಮಿಷನ್ ಆರಂಭಿಸಿ, 6ರಿಂದ 12ನೆಯ ತರಗತಿಯ ಮಕ್ಕಳು ಕೈಯಾರೆ ಯಂತ್ರ ಕಟ್ಟಿ ಕಲಿಯಲೆಂದು ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡುವ ಟಿಂಕರಿಂಗ್ ಲ್ಯಾಬಿನ ಯೋಜನೆಯನ್ನು ತಂದಿತು. 2025ರ ಕೇಂದ್ರ ಮುಂಗಡಪತ್ರವು ಐದು ವರ್ಷಗಳಲ್ಲಿ ಇನ್ನೂ 50,000 ಸರ್ಕಾರಿ ಶಾಲೆಗಳಿಗೆ ಇದನ್ನು ಒಯ್ಯುವುದಾಗಿ ಹೇಳಿದೆ. ಯೋಜನೆ ಒಳ್ಳೆಯದು, ಅದನ್ನು ನಾನು ಹಳಿಯುತ್ತಿಲ್ಲ. ನಾನು ಹಳಿಯುವುದು ಕಪಾಟಿನ ಬೀಗವನ್ನು. ಹೀಗೆ ಬಂದ ಸಾಮಾನು ಡಬ್ಬಿಯ ಟೇಪೂ ಕೀಳದೆ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀಗದ ಕೈ ಯಾರ ಬಳಿಯಿದೆಯೆಂದು ಕೇಳಿದರೆ, ಇನ್ಸ್‌ಪೆಕ್ಷನ್ ದಿನ ತೆಗೆಯುತ್ತೇವೆಂಬ ಉತ್ತರ ಬಂತು.

ಆ ಉಪಾಧ್ಯಾಯರನ್ನು ಬೈಯುವುದು ಸುಲಭ. ನಾನು ಬೈಯಲಾರೆ, ಏಕೆಂದರೆ ದಾಸ್ತಾನು ವಹಿಯ ಭಯ ನನಗೂ ಗೊತ್ತು. ಒಂದು ಬೀಕರು ಒಡೆದರೆ ಅದಕ್ಕೆ ಸಮಜಾಯಿಷಿ ಬರೆದು, ಆಡಿಟ್ಟಿನ ದಿನ ತಲೆ ತಗ್ಗಿಸಿ ನಿಂತವನು ನಾನು. ಸರ್ವೋ ಮೋಟಾರಿನ ಒಳಗಿರುವುದು ಪ್ಲಾಸ್ಟಿಕ್ಕಿನ ಹಲ್ಲುಚಕ್ರ. ಕಲಿಯುವ ಮಗುವಿನ ಕೈಯಲ್ಲಿ ಅದು ಮುರಿಯಲೇಬೇಕು. ಮುರಿದರೆ ಮೇಷ್ಟರ ಸಂಬಳಕ್ಕೆ ಕುತ್ತೆಂದಾದರೆ ಯಾವ ಮೇಷ್ಟರು ಬೀಗ ತೆಗೆದಾರು? ಸೀಮೆಸುಣ್ಣ ಸವೆದರೆ ಲೆಕ್ಕ ಕೇಳುವವರಿಲ್ಲ. ನೂರು ನೂರೈವತ್ತು ರೂಪಾಯಿಯ ಮೋಟಾರನ್ನೂ ಸೀಮೆಸುಣ್ಣದಂತೆ ಖರ್ಚಾಗುವ ಸಾಮಾನೆಂದು ಬರೆದುಕೊಂಡರೆ ಅರ್ಧ ಬೀಗಗಳು ನಾಳೆಯೇ ತೆರೆದಾವು.

“ಇದೆಲ್ಲ ಆಟ ಮೇಷ್ಟ್ರೇ, ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಮಾರ್ಕ್ಸ್ ಬರುತ್ತದೆ?” ಎಂದು ಕೇಳುವ ತಂದೆತಾಯಿಗಳಿಗೂ ಒಂದು ಮಾತು. ಆರು ಕಾಲಿನ ಯಂತ್ರ ಬೀಳದೆ ನಡೆಯಬೇಕಾದರೆ ಎಡಗಡೆಯ ಮುಂದಿನ ಮತ್ತು ಹಿಂದಿನ ಕಾಲು, ಬಲಗಡೆಯ ನಡುವಿನ ಕಾಲು ಒಟ್ಟಿಗೆ ಎದ್ದು, ಉಳಿದ ಮೂರು ನೆಲ ಹಿಡಿದಿರಬೇಕು. ಮುಂದಿನ ಹೆಜ್ಜೆಗೆ ಅದಲು ಬದಲು. ನೆಲ ಹಿಡಿದ ಮೂರು ಪಾದಗಳು ಮಾಡುವ ತ್ರಿಭುಜದೊಳಗೆ ಗುರುತ್ವ ಕೇಂದ್ರ ಇರುವವರೆಗೆ ಅದು ಬೀಳದು. ಇರುವೆಯೂ ಜಿರಲೆಯೂ ನಡೆಯುವುದು ಹೀಗೆಯೇ. ನಮ್ಮ ಜೀವನಾಧಾರವಾದ ರೇಷ್ಮೆಹುಳುವಿಗೆ ಎದೆಯ ಭಾಗದಲ್ಲಿ ಮೂರು ಜೊತೆ ನಿಜಗಾಲು, ಹಿಂದೆ ಐದು ಜೊತೆ ಹುಸಿಗಾಲು; ಚಿಟ್ಟೆಯಾದಾಗ ಉಳಿಯುವುದು ಆ ಮೂರು ಜೊತೆ ಮಾತ್ರ. ಸರ್ವೋ ಮೋಟಾರಿಗೆ ಸೆಕೆಂಡಿಗೆ ಐವತ್ತು ಸಲ ಒಂದರಿಂದ ಎರಡು ಮಿಲಿಸೆಕೆಂಡಿನ ಮಿಡಿತ ಕಳಿಸಬೇಕು. ಆ ಮಿಡಿತದ ಉದ್ದವೇ ಕಾಲಿನ ಕೋನ. ಪಾದ ಇಂಥಲ್ಲಿಗೇ ಬರಬೇಕೆಂದರೆ ಮೂರು ಕೀಲುಗಳ ಕೋನವನ್ನು ತ್ರಿಕೋನಮಿತಿಯಿಂದ ಲೆಕ್ಕ ಹಾಕಬೇಕು. ಜೀವಶಾಸ್ತ್ರ, ಭೌತಶಾಸ್ತ್ರ, ಗಣಿತ ಮೂರೂ ಒಂದೇ ಮೇಜಿನ ಮೇಲೆ ಕೂರುತ್ತವೆ. ಇದು ಆಟವಾದರೆ ಇಂಥ ಆಟ ಇನ್ನಷ್ಟು ಬರಲಿ.

ದೂರದಿಂದ ನಡೆಸುವ ಆ ಮೊಬೈಲಿನ ಗುಂಡಿಯಾದರೋ ಇದರಲ್ಲಿ ಕೊನೆಯ ಮೆಟ್ಟಿಲು. ನಾವು ಮಕ್ಕಳಿಗೆ ಆ ಕೊನೆಯ ಮೆಟ್ಟಿಲನ್ನು ಮಾತ್ರ ಕೊಟ್ಟು ಏಣಿಯನ್ನು ಮಾರುವವರ ಕೈಯಲ್ಲಿ ಬಿಟ್ಟಿದ್ದೇವೆ.

ಬಡ ಶಾಲೆಗೆ ಇದೆಲ್ಲ ಎಟುಕದೆನ್ನುವವರೂ ಇದ್ದಾರೆ. ಮೂರು ಸರ್ವೋ, ಒಂದು ಅಗ್ಗದ ಆರ್ಡುಯಿನೋ ಫಲಕ, ಬ್ಲೂಟೂತ್ ತುಣುಕು, ಬ್ಯಾಟರಿ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುವ ವ್ಯಾಪಾರ. ಒಂದೊಂದು ಪಕ್ಕದ ಮುಂದಿನ ಹಿಂದಿನ ಕಾಲುಗಳನ್ನು ತಂತಿಯಿಂದ ಜೋಡಿಸಿ ಒಂದು ಮೋಟಾರಿಗೆ ಕಟ್ಟಿ, ಮೂರನೆಯದರಿಂದ ನಡುಗಾಲುಗಳನ್ನು ಒತ್ತಿ ಮೈಯನ್ನು ಅತ್ತಿತ್ತ ವಾಲಿಸಿದರೆ ಯಂತ್ರ ನಡೆಯುತ್ತದೆ. ಆ ಹುಡುಗ ಮಾಡಿದ್ದು ಇದನ್ನೇ. ಅವನದು ನಡುವೆ ನಿಂತದ್ದೇಕೆಂದು ಆಮೇಲೆ ಹೊಳೆಯಿತು: ಮೋಟಾರು ವಿದ್ಯುತ್ತನ್ನು ಹೀರಿದಾಗ ವೋಲ್ಟೇಜು ಕುಸಿದು ಫಲಕ ಮೊದಲಿನಿಂದ ಶುರುವಾಗುತ್ತಿತ್ತು. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ಋಣ ತಂತಿಯನ್ನು ಕೂಡಿಸಿದ್ದರೆ ಸಾಕಿತ್ತು. ಅಂದು ಹೇಳುವವರಿರಲಿಲ್ಲ. ಅಲ್ಲಿ ಮೇಷ್ಟರಾಗಿದ್ದ ನಾನು ಅಂಕ ಕೂಡುತ್ತಿದ್ದೆ.

ನಮ್ಮದು ಸಾಮಾನ್ಯ ನೆಲವಲ್ಲ. 1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಗೌರಿಬಿದನೂರಿನ ಬಯಲಿನಲ್ಲಿ ನಮ್ಮ ವಿಜ್ಞಾನಿಗಳು ಸಾವಿರ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿ ಆಕಾಶದ ರೇಡಿಯೋ ಅಲೆಗಳನ್ನು ಆಲಿಸಿದರು. ಅದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅದೇ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮೆಗೀ ಅವರ ತಂಡ 1977ರಲ್ಲಿ ಕಂಪ್ಯೂಟರಿನಿಂದ ಆರು ಕಾಲಿನ ಯಂತ್ರವನ್ನು ನಡೆಸಿತೆಂಬುದು ಕಾಕತಾಳೀಯವಾದರೂ ನನಗೆ ಹಿತವಾದ ಸಂಗತಿ. ನರಸಿಂಹಯ್ಯನವರು ಬದುಕಿಡೀ ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, 16ರಂದು ಕಪಾಟಿಗೆ ಬೀಗ ಹಾಕುವುದು ಇವರಿಬ್ಬರಿಗೂ ಮಾಡುವ ಅಪಚಾರ.

ತೀರ್ಪುಗಾರರಾಗಿ ಹೋಗುವ ನನ್ನಂಥ ನಿವೃತ್ತರಿಗೆ ನನ್ನ ಬಿನ್ನಹ ಇಷ್ಟೆ. ಯಂತ್ರ ಕುಣಿಯಿತೇ ಎಂದು ನೋಡಬೇಡಿ. ಒಂದು ಕಾಲನ್ನು ಬಿಚ್ಚಿ ಮತ್ತೆ ಜೋಡಿಸಲು ಮಗುವಿಗೆ ಹೇಳಿ. ಜೋಡಿಸಿದರೆ ಅಂಕ ಕೊಡಿ. ತಪ್ಪಾಗಿ ಜೋಡಿಸಿ, ತಪ್ಪೆಲ್ಲಿಯೆಂದು ಹುಡುಕಿದರೆ ಇನ್ನೂ ಹೆಚ್ಚು ಕೊಡಿ. ಮಾರುವವರನ್ನು ಮೇಜಿನ ಹತ್ತಿರ ನಿಲ್ಲಲು ಬಿಡಬೇಡಿ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಯಂತ್ರವನ್ನು ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಕಾಗದ ತುರುಕಿ, ಬಸ್ಸಿಗೆಂದು ಹೊರಟದ್ದು ನೆನಪಿದೆ. ಹೋಗುವಾಗ ನನಗೆ ನಮಸ್ಕಾರ ಮಾಡಿದ. ಅದಕ್ಕೆ ನಾನು ಅರ್ಹನಾಗಿರಲಿಲ್ಲ.